ಚಿಗರಿ ಮರಿ ಸಿಕ್ರ ಮನಿಗೆ ತರಬ್ಯಾಡ್ರಿ

ಎಲ್ಲಾ ಪಾಲಕರಿಗೆ ಶರಣು ಶರಣಾರ್ಥಿ.

ಹೋದ ಮಂಗಳವಾರ ಪ್ರಾರ್ಥನಾ ಟೈಮಿಗೆ ನಮ್ಮ ಏಳನೇ ಕ್ಲಾಸಿನ ಹುಡುಗ ಒಬ್ಬಂವ ಟಾವೆಲ್‌ನ್ಯಾಗ ಸುತ್ಕೊಂಡು ಒಂದು ಚಿಗರಿ ಮರಿ ತಂದಿದ್ದ. "ಸರ್, ಅದ್ರವ್ವ ಬಿಟ್ಟು ಹೋಗ್ಯದ್ರಿ, ನಾಯಿ ತಿಂತಾವಂತ ಎತ್ಕೊಂಡ್ ಬಂದೀನ್ರಿ" ಅಂದ, ಕಣ್ಣಾಗ ನೀರಿತ್ತು. ನಾನು ಬೈಲಿಲ್ಲ, ನೀವೂ ಯಾರೂ ಅಂವಗ ಬೈಬ್ಯಾಡ್ರಿ.

ಆದ್ರ ಅದ್ರವ್ವ ಬಿಟ್ಟು ಹೋಗಿದ್ದಿಲ್ಲ. ಚಿಗರಿ, ಅಂದ್ರ ಪುಸ್ತಕದಾಗಿನ ಕೃಷ್ಣಮೃಗ, ಈದ ಮ್ಯಾಲ ಮರೀನ ಹುಲ್ಲಾಗ ಬಚ್ಚಿಟ್ಟು ತಾನು ದೂರ ಮೇಯಾಕ ಹೋಗ್ತದ, ಹಾಲು ಕುಡಸಾಕ ತಿರುಗಿ ಬರ್ತದ, ಅಲ್ಲೀತನ ಮರಿ ಅಲ್ಲಾಡದಂಗ ನೆಲಕ್ಕ ಹತ್ತಿ ಮಲಗಿರ್ತದ. ನಾವು ಹತ್ರ ನಿಂತ್ರ ತಾಯಿ ಬರೂದೇ ಇಲ್ಲ. ಅರಣ್ಯ ಇಲಾಖೆಯವರು ಬಂದು ಸಿಕ್ಕ ಜಾಗದಾಗೇ ಮರೀನ ಇಟ್ರು, ನಾವೆಲ್ಲ ದೂರ ಬದುವಿನ ಹಿಂದ ಕುಂತಿವಿ, ತಾಸೊತ್ತಿನ ಮ್ಯಾಲ ತಾಯಿ ಬಂತು ನೋಡ್ರಿ, ಹುಡುಗ್ರು ಉಸಿರು ಬಿಡಲಾರದ ನೋಡಿದ್ರು. ಇನ್ಮುಂದ ಮರಿ ಕಂಡ್ರ ಮುಟ್ಟಬ್ಯಾಡ್ರಿ, ಗಾಯ ಆಗಿದ್ರ ಅರಣ್ಯ ಇಲಾಖೆಯ 1926ಕ್ಕ ಫೋನ್ ಮಾಡ್ರಿ. 1972ರ ವನ್ಯಜೀವಿ ಕಾಯ್ದೆದಾಗ ಚಿಗರಿ ಮೊದಲನೇ ಪಟ್ಟಿಯೊಳಗ ಅದ, ಪ್ರೀತಿಲೆ ಮನ್ಯಾಗ ಸಾಕಿದ್ರೂ ಕೇಸ್ ಆಗ್ತದ.

ಅವತ್ತು ಮಕ್ಕಳು ಕೇಳಿದ ಪ್ರಶ್ನೆಗೋಳು ಒಂದೆರಡಲ್ಲ. ಕರೇದು ಬ್ಯಾರೆ ಪ್ರಾಣಿ, ಕಂದು ಬಣ್ಣದ್ದು ಬ್ಯಾರೆ ಪ್ರಾಣಿ ಅಂತ ತಿಳಿದವರೇ ಭಾಳ ಮಂದಿ ಇದ್ರು. ಗಂಡು ಬೆಳದಂಗೆಲ್ಲ ಕರ್ರಗ ಆಗ್ತದ, ತಿರುಚಿದ ಕೋಡು ಗಂಡಿಗೇ ಇರ್ತಾವ ಅಂತ ಹೇಳಿದೆ. ಕಾಡುಪ್ರಾಣಿ ನೋಡಬೇಕಂದ್ರ ಚಿಂಚೋಳಿ ಕಾಡಿಗೇ ಹೋಗಬೇಕು ಅಂತ ನಾವು ದೊಡ್ಡವರೂ ತಿಳ್ಕೊಂಡೀವಿ, ಆದ್ರ ಬೀದರ ಸುತ್ತಿನ ಚಿಗರಿಗೆ ಬೇಕಾಗಿದ್ದು ಬಯಲು, ನಾವು ಪಡಾ ಬಿದ್ದದ ಅಂತೀವಲ್ಲ ಆ ಹುಲ್ಲಿನ ಜಾಗ.

ಅದಕ್ಕ ಕೈಮುಗಿದು ಕೇಳ್ತೀನಿ, ಬ್ಯಾಸಗ್ಯಾಗ ಗಾಯರಾಣದ, ಅಂದ್ರ ಊರ ದನ ಮೇಯೋ ಜಾಗದ, ಹುಲ್ಲಿಗೆ ಬೆಂಕಿ ಹಚ್ಚಬ್ಯಾಡ್ರಿ. ಟಿಟ್ಟಿಭ ಹಕ್ಕಿ ಆಗ ನೆಲದ ಮ್ಯಾಲೇ ನಾಕು ತತ್ತಿ ಇಡ್ತದ, ಸಣ್ಣ ಕಲ್ಲಿನಂಗೇ ಕಾಣ್ತಾವ, ಬೆಂಕಿ ಬಿದ್ರ ಓಡಿ ಹೋಗಾಕ ತತ್ತಿಗೆ ಕಾಲಿಲ್ಲ. ಹೊಲಕ್ಕ ನಾಯಿ ಕರ್ಕೊಂಡು ಹೋದ್ರ ಕಟ್ಟಿ ಇಟ್ಕೋರಿ, ಕಟ್ಟಿ ಇಲ್ಲದ ಹಳೇ ಬಾವಿಗೆ ಮುಳ್ಳಿನ ಬೇಲಿಯಾದ್ರೂ ಹಾಕ್ರಿ.

ಚಿಗರಿ ಕಡ್ಲಿ, ಸೋಯಾ ತಿಂತಾವ ಅನ್ನೂದು ನಂಗೂ ಗೊತ್ತದ, ನಾನೂ ರೈತರ ಮಗನೇ, ಬಿತ್ತಿದ್ದು ಹೋದ್ರ ಹೊಟ್ಟಿ ಉರೀತದ. ಬೆಳಿ ಹಾಳಾದ್ರ ಪರಿಹಾರಕ್ಕ ಅರಣ್ಯ ಇಲಾಖೆಗೆ ಅರ್ಜಿ ಹಾಕಾಕ ಬರ್ತದ, ಫೋಟೋ ತಕ್ಕೊಂಡು ಪಹಣಿ ಹಿಡ್ಕೊಂಡು ಶಾಲಿಗೆ ಬರ್ರಿ, ಅರ್ಜಿ ನಾವೇ ಬರ್ದು ಕೊಡ್ತೀವಿ.

ಬರೋ ಐತವಾರ ಮುಂಜಾನೆ ಆರಕ್ಕ ಏಳು, ಎಂಟನೇ ಕ್ಲಾಸಿನ ಮಕ್ಕಳ್ನ ಬಯಲಿಗೆ ಕರ್ಕೊಂಡು ಹೋಗ್ತೀವಿ. ನೀರಿನ ಬಾಟ್ಲಿ, ಒಂದು ರೊಟ್ಟಿ ಕಟ್ಟಿ ಕೊಡ್ರಿ, ಹೊಳಿಯೋ ಬಣ್ಣದ ಅಂಗಿ ಬ್ಯಾಡ. ಅಜ್ಜಂದಿರು ಬಂದ್ರ ಭಾಳ ಚಲೋ ಆಗ್ತದ, ಮೊದಲ ಎಲ್ಲೆಲ್ಲಿ ಹಿಂಡು ಮೇಯ್ತಿತ್ತು ಅಂತ ಅವರ ಬಾಯಿಂದೇ ಮಕ್ಕಳು ಕೇಳ್ಲಿ.

ನಿಮ್ಮ,
ಮುಖ್ಯ ಗುರುಗಳು