ಐದು ದ್ವೀಪ ಬೇಡ, ಎರಡು ಸಾಕು

ದಾವಣಗೆರೆ
ಭಾನುವಾರ

ಪುಟ್ಟಿ,

ಅಂಡಮಾನ್ ಪ್ಲಾನ್ ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ಆರು ರಾತ್ರಿ, ಐದು ದ್ವೀಪ, ಮೇಲೆ ಗುಹೆ ನೋಡಲು ಬಾರಾಟಾಂಗ್ ಬೇರೆ. ಇದೇನು ರಜೆಯಾ, ಇಲೆಕ್ಷನ್ ಪ್ರಚಾರವಾ? ನಿಮ್ಮ ದೊಡ್ಡಪ್ಪ ಓದಿ ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ಅತ್ತೆಯವರ ಮಂಡಿನೋವು ನನಗೆ ಗೊತ್ತು, ನಿದ್ದೆ ಕೆಟ್ಟರೆ ನಿನ್ನ ಮಗ ಹೇಗೆ ರಂಪ ಮಾಡುತ್ತಾನೆ ಅನ್ನುವುದೂ ಗೊತ್ತು.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ಸಲೀಸು ಅಂತ ನೀನು ತಿಳಿದಿದ್ದೀಯ. ಬೋಟು ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿ ಇರಬೇಕು, ಎಲ್ಲರ ಆಧಾರ್ ತೋರಿಸಬೇಕು, ಲಗೇಜು ಕೊಡಬೇಕು, ಇಳಿದ ಮೇಲೆ ಅದನ್ನು ಹುಡುಕಿ ಎಳೆದುಕೊಂಡು ಆಟೋ ಹಿಡಿಯಬೇಕು, ಹೋದರೆ ರೂಮು ಇನ್ನೂ ಖಾಲಿ ಆಗಿರುವುದಿಲ್ಲ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ವೇಗದ ಬೋಟಿನಲ್ಲಿ ಒಂದೂವರೆ ಗಂಟೆ ಆಸುಪಾಸು ಅಷ್ಟೇ, ಆದರೆ ಅರ್ಧ ದಿನ ಕೈಬಿಟ್ಟಿತು ಅಂತಲೇ ಲೆಕ್ಕ ಹಾಕು. ಹಾಗಾಗಿ ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಹ್ಯಾವ್ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಎರಡು, ಕೊನೆಯ ರಾತ್ರಿ ವಾಪಸ್ ಪೋರ್ಟ್ ಬ್ಲೇರ್. ಆ ಕೊನೆಯ ರಾತ್ರಿಯನ್ನು ಮಾತ್ರ ಉಳಿಸಲು ಹೋಗಬೇಡ. ಗಾಳಿ ಎದ್ದರೆ ಬೋಟು ರದ್ದು ಮಾಡುತ್ತಾರೆ, ನೀನು ನೀಲ್‌ನಲ್ಲಿ, ವಿಮಾನ ಪೋರ್ಟ್ ಬ್ಲೇರ್‌ನಲ್ಲಿ ಅಂತ ಆಗಬಾರದು.

ಹೆಸರು ನೋಡಿ ಗಾಬರಿ ಆಗಬೇಡ. ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ 2018ರಲ್ಲಿ ಹೆಸರಿಟ್ಟರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನಲ್ಲಿ ಒಂದು ಇರುತ್ತದೆ, ಆಟೋದವನು ಇನ್ನೊಂದು ಹೇಳುತ್ತಾನೆ.

ಖಾಸಗಿ ಬೋಟುಗಳೆಲ್ಲ ಏಸಿ, ಕಿಟಕಿ ಮುಚ್ಚಿರುತ್ತದೆ, ಸೀಟು ಬಿಟ್ಟು ಏಳಲು ಬಿಡುವುದು ಕಡಿಮೆ. ಒಂದು ಸಲವಾದರೂ ಸರ್ಕಾರಿ ಹಡಗಿನಲ್ಲಿ ಹೋಗು. ನಿಧಾನ, ಟಿಕೆಟ್ ಸಿಗುವುದು ಕಷ್ಟ, ಆದರೆ ಮೇಲಿನ ಡೆಕ್ಕಿನಲ್ಲಿ ನಿಂತುಕೊಳ್ಳಬಹುದು. ಸೂಳೆಕೆರೆ ಏರಿ ಮೇಲೆ ನಿಂತು, ಅಬ್ಬಾ ಎಷ್ಟು ನೀರು ಅಂದುಕೊಂಡು ಬೆಳೆದವರು ನಾವು. ಅಲ್ಲಿ ದಡ ಮರೆಯಾದ ಮೇಲೆ ನೀರಿಗೆ ಎಂಥ ಗಾಢ ನೀಲಿ ಬರುತ್ತದೆ ಅಂದರೆ ಶಾಯಿ ಅನ್ನಬೇಕು. ಮೀನುಗಳು ಹಡಗಿನ ಪಕ್ಕದಿಂದ ಹಾರಿ, ಅಲೆಯ ಮೇಲೇ ಒಂದಷ್ಟು ದೂರ ತೇಲಿ ಹೋಗಿ ಮುಳುಗುತ್ತವೆ. ಇನ್ನೊಂದು ದ್ವೀಪ ಹತ್ತಿರ ಬಂದ ಹಾಗೆ ಆ ನೀಲಿ ತಿಳಿಯಾಗುತ್ತ, ಕೆಳಗೆ ಮರಳಿರುವ ಕಡೆ ಎಳೆ ಹಸಿರಾಗುತ್ತದೆ. ದ್ವೀಪ ಸುತ್ತುವುದರ ಅರ್ಧ ಸುಖ ಈ ನಡುವಿನ ನೀರಿನಲ್ಲೇ ಇದೆ ಕಣೇ. ನೀನು ಅದನ್ನು ಬರೀ 'ಟ್ರಾನ್ಸ್‌ಫರ್' ಅಂತ ಬರೆದಿದ್ದೀಯ.

ನಿಮ್ಮ ಅತ್ತೆಗೆ ಹೊಟ್ಟೆ ತೊಳಸಬಹುದು. ಹತ್ತುವ ಅರ್ಧ ಗಂಟೆ ಮುಂಚೆ ವಾಂತಿ ಮಾತ್ರೆ ಕೊಡು, ಡಾಕ್ಟರನ್ನು ಕೇಳಿಯೇ ಕೊಡು, ಬಿಪಿ ಮಾತ್ರೆ ನುಂಗುತ್ತಾರೆ ಅಲ್ವಾ. ಮೊಬೈಲ್ ನೋಡಬಾರದು, ದೂರದ ದಿಗಂತ ನೋಡುತ್ತಾ ಕೂರಬೇಕು. ಧೈರ್ಯ ಸಾಲದಿದ್ದರೆ ಮುಂಚೆ ಒಂದು ಸಲ ಮಲ್ಪೆಗೆ ಕರೆದುಕೊಂಡು ಹೋಗು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಅರ್ಧ ಗಂಟೆಯೂ ಬೇಡ, ಅವರಿಗೆ ಒಗ್ಗುತ್ತದಾ ಇಲ್ಲವಾ ಗೊತ್ತಾಗಿಬಿಡುತ್ತದೆ. ಅಲ್ಲಿನ ಕಂಬದಂಥ ಕಪ್ಪು ಬಂಡೆಗಳು ನಮ್ಮ ದುರ್ಗದ ಬಂಡೆಗಳ ಥರ ಅಲ್ಲ, ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದವು. ಮಳೆಗಾಲದಲ್ಲಿ ಆ ಬೋಟು ಇರುವುದಿಲ್ಲ. ಅಂಡಮಾನ್‌ಗೂ ನವೆಂಬರಿನಿಂದ ಏಪ್ರಿಲ್ ಒಳಗೇ ಹೋಗಬೇಕು.

ಇನ್ನು ಬಿಸಿಲಿನ ವಿಷಯ. ಅಂಡಮಾನ್ ನಮ್ಮೂರಿಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಗ್ರಿಗೆ 4 ನಿಮಿಷ ಅಂದರೆ ಒಂದು ಗಂಟೆಗಿಂತ ಜಾಸ್ತಿ ಮುಂಚೆಯೇ ಕತ್ತಲು. ಡಿಸೆಂಬರಿನಲ್ಲಿ ಐದರ ಆಸುಪಾಸಿಗೆ ಸೂರ್ಯ ಮುಳುಗಿರುತ್ತದೆ. ಮಧ್ಯಾಹ್ನ ಊಟ ಮಾಡಿ ಮಲಗಿ ನಾಲ್ಕೂವರೆಗೆ ಬೀಚಿಗೆ ಹೊರಟರೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಬೆಳಿಗ್ಗೆ ಐದಕ್ಕೆ ಏಳಿ. ಹ್ಯಾವ್ಲಾಕ್‌ನಲ್ಲಿ ಸೂರ್ಯೋದಯಕ್ಕೆ ಪೂರ್ವದ ಕಾಲಾಪತ್ಥರ್, ಸೂರ್ಯಾಸ್ತಕ್ಕೆ ಪಶ್ಚಿಮದ ರಾಧಾನಗರ. ಈ ರಾಧಾನಗರವನ್ನೇ 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚು ಅಂತ ಹೊಗಳಿದ್ದು. ಪೂರ್ವದ ಕಡೆ ಇಳಿತದ ಹೊತ್ತಿಗೆ ನೀರು ತುಂಬಾ ದೂರ ಸರಿದು ಈಜಲು ಆಗುವುದಿಲ್ಲ, ಈಜು ಏನಿದ್ದರೂ ರಾಧಾನಗರದಲ್ಲಿ. ಮೊಸಳೆ ಅಂತ ಬೋರ್ಡ್ ಇರುವ ಕಡೆ ಕಾಲಿಡಬೇಡಿ, ಸುಮ್ನೆ ಹೆದರಿಸಲು ಹಾಕಿದ್ದಲ್ಲ ಅದು.

ಹವಳ ನೋಡಲು ಎಲಿಫೆಂಟ್ ಬೀಚಿಗೆ ಹೋಗೇ ಹೋಗುತ್ತೀರಿ. ಈಜು ಬರದಿದ್ದರೂ ಪರವಾಗಿಲ್ಲ, ಟ್ಯೂಬು ಹಾಕಿ ಹುಡುಗರು ಎಳೆದುಕೊಂಡು ಹೋಗುತ್ತಾರೆ. ಹವಳದ ಮೇಲೆ ಕಾಲೂರಬೇಡ, ಅದಕ್ಕೆ ಜೀವ ಇದೆ. ಮಗನಿಗೆ ತುಂಬುತೋಳಿನ ಅಂಗಿ ಹಾಕು, ಅವನ ಬೆನ್ನು ಸುಟ್ಟರೆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಅತ್ತೆಯವರು ನೀಲ್‌ನ ಭರತ್‌ಪುರದಲ್ಲಿ ಗಾಜಿನ ತಳದ ಬೋಟಿನಲ್ಲಿ ಕೂತು ನೋಡಲಿ. ಅದೇ ನೀಲ್‌ನಲ್ಲಿ ಕಮಾನಿನಂಥ ಬಂಡೆ ಇದೆ, ಅಲ್ಲಿಗೆ ಇಳಿತದ ಹೊತ್ತಿನಲ್ಲೇ ಹೋಗಬೇಕು. ಇಳಿತ ದಿನಾ ಸುಮಾರು 50 ನಿಮಿಷ ತಡ ಆಗುತ್ತ ಹೋಗುತ್ತದೆ, ಹೋಟೆಲಿನವರನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೋ. ದಾರಿ ಪೂರಾ ಕಲ್ಲು, ಜಾರುತ್ತದೆ. ಅತ್ತೆಗೆ ಬೇಡವೇ ಬೇಡ.

ಊಟದ ಚಿಂತೆ ಬಿಡು. ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಬಂದವರು ಅಲ್ಲಿ ನೆಲೆಸಿದ್ದಾರೆ. ಹ್ಯಾವ್ಲಾಕ್‌ನ ಹಳ್ಳಿಗಳೆಲ್ಲ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ. ನೀಲ್‌ಗೆ ಬಂದರೆ ಪೂರ್ತಿ ರಾಮಾಯಣ: ಸೀತಾಪುರ, ಲಕ್ಷ್ಮಣ್‌ಪುರ, ರಾಮನಗರ. ನೀಲ್‌ನಲ್ಲಿ ತರಕಾರಿ ಚೆನ್ನಾಗಿ ಬೆಳೆಯುತ್ತಾರೆ, ಅನ್ನ ಬೇಳೆ ಪಲ್ಯಕ್ಕೆ ಕೊರತೆ ಇಲ್ಲ. ಇಲ್ಲಿಂದ ಚಟ್ನಿಪುಡಿ ಒಯ್ಯಿ. ಮಂಡಕ್ಕಿ ಒಯ್ಯಬೇಡ, ಆ ಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

ಬಾರಾಟಾಂಗ್ ಪಟ್ಟಿಯಿಂದ ತೆಗೆದುಹಾಕು. ಅಲ್ಲಿಗೆ ಹೋಗುವ ರಸ್ತೆ ಜರವಾ ಅನ್ನುವ ಆದಿವಾಸಿ ಜನರ ಕಾಡಿನೊಳಗೆ ಹೋಗುತ್ತದೆ, ಅದನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು. ಸುಣ್ಣದಕಲ್ಲಿನ ಗುಹೆ ನೋಡಲು ಅಂತ ಹೇಳಿ ಜನ ಕಿಟಕಿಯಿಂದ ಇಣುಕುವುದು ಅವರನ್ನೇ. ನಮ್ಮ ಮನೆಯವರು ಆ ಸಾಲಿನಲ್ಲಿ ಇರುವುದು ನನಗೆ ಇಷ್ಟ ಇಲ್ಲ.

ಉಳಿದ ಹೊತ್ತು ಪೋರ್ಟ್ ಬ್ಲೇರ್‌ನ ಸೆಲ್ಯುಲಾರ್ ಜೈಲಿಗೆ ಕೊಡು. 1896ರಲ್ಲಿ ಶುರು ಮಾಡಿ 1906ಕ್ಕೆ ಕಟ್ಟಿ ಮುಗಿಸಿದ್ದು. ನಡುವಿನ ಗೋಪುರದಿಂದ ಏಳು ಸಾಲು ಕಟ್ಟಡ ಇತ್ತು, ಈಗ ಮೂರೇ ಉಳಿದಿವೆ. ಒಂದು ಕೋಣೆಯೊಳಗೆ ಹೋಗಿ ನಿಂತು ನೋಡು: ಕಿಟಕಿ ತಲೆಗಿಂತ ಎಷ್ಟೋ ಎತ್ತರದಲ್ಲಿ, ಸಮುದ್ರ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ.

ಚಿಪ್ಪು, ಹವಳದ ಚೂರು ಏನನ್ನೂ ಹೆಕ್ಕಿ ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ನಿನ್ನ ಮಗನ ಜೇಬು ನೀನೇ ನೋಡಬೇಕು.

ಬೋಟು ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡು. ಸಂಜೆ ಆರರ ಮೇಲೆ ಮಾಡು, ಅದಕ್ಕೂ ಮುಂಚೆ ನಾನು ಮೊಬೈಲ್ ಎತ್ತುವುದಿಲ್ಲ. ಪಟ್ಟಿ ಚಿಕ್ಕದಾಯಿತು ಅಂತ ನಿಮ್ಮವರು ಮುಖ ಊದಿಸಿಕೊಂಡರೆ ಫೋನ್ ಅವರ ಕೈಗೆ ಕೊಡು, ನಾನು ಮಾತಾಡುತ್ತೇನೆ.

ನಿನ್ನ ದೊಡ್ಡಮ್ಮ