ಮಾಲ್ ಕೆಡವುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಹಳೇ ಮಾಲ್ ಕೆಡವಿ ರೈಲು ನಿಲ್ದಾಣದ ಪಕ್ಕ ಮನೆ, ಅಂಗಡಿ, ಆಫೀಸು ಎಲ್ಲಾ ಇರುವ ಬಡಾವಣೆ ಮಾಡುವುದು ಹೇಗೆ ಅಂತ ಕೇಳಿದ್ದೀಯ. ನೀನು ಕಳಿಸಿದ ನಕ್ಷೆ ತುಂಬ ಗೋಪುರಗಳೇ ಇವೆ. ಅವು ಆಮೇಲೆ. ಮೊದಲು ಪಾರ್ಕಿಂಗ್ ಜಾಗದ ಲೆಕ್ಕ ಚುಕ್ತಾ ಆಗಬೇಕು.

ಅಮೆರಿಕದ ಹಳೇ ಮಾಲ್‌ಗಳಲ್ಲಿ ಸಾವಿರ ಚದರಡಿ ಅಂಗಡಿಗೆ ಐದು ಕಾರಿನ ಜಾಗ ಬಿಡುವುದು ರೂಢಿಯಾಗಿತ್ತು. ಓಡಾಟದ ದಾರಿಯೂ ಸೇರಿ ಒಂದು ಕಾರಿಗೆ ಸುಮಾರು 325 ಚದರಡಿ ಹಿಡಿ. ಅಂದರೆ ಸಾವಿರ ಚದರಡಿ ವ್ಯಾಪಾರಕ್ಕೆ 1,600ಕ್ಕೂ ಹೆಚ್ಚು ಚದರಡಿ ಡಾಂಬರು! ನೀನು ಊರು ಕಟ್ಟುವುದು ಈ ಡಾಂಬರಿನ ಮೇಲೆ.

ಅದರಲ್ಲಿ ಮೊದಲ ತೊಡಕು ಕಾಗದದ್ದು. ಮಾಲ್‌ನ ಎರಡು ತುದಿಗಿರುವ ದೊಡ್ಡ ಡಿಪಾರ್ಟ್‌ಮೆಂಟ್ ಅಂಗಡಿಗಳು ಎಷ್ಟೋ ಕಡೆ ತಮ್ಮ ನೆಲವನ್ನು ತಾವೇ ಕೊಂಡಿರುತ್ತವೆ. ಜೊತೆಗೊಂದು ಕರಾರು: ನಮ್ಮ ಬಾಗಿಲ ಮುಂದೆ ಇಷ್ಟು ಕಾರು ನಿಲ್ಲಲೇಬೇಕು, ರಸ್ತೆಯಿಂದ ನಮ್ಮ ಬೋರ್ಡು ಕಾಣಲೇಬೇಕು. ಅಂಗಡಿ ಮುಚ್ಚಿದರೂ ಕರಾರು ನೆಲದ ಜೊತೆ ಉಳಿಯಬಹುದು. ಇದನ್ನು ಬಿಡಿಸದೆ ಹೊಸ ರಸ್ತೆಯ ಗೆರೆ ಎಳೆದರೆ, ಒಬ್ಬನ ಆಕ್ಷೇಪಣೆಗೆ ಇಡೀ ಯೋಜನೆ ನಿಂತುಹೋಗುತ್ತದೆ. ವಕೀಲರ ಕೈಗೆ ಮೊದಲು, ವಾಸ್ತುಶಿಲ್ಪಿಯ ಕೈಗೆ ಆಮೇಲೆ.

ಎರಡನೆಯದು ನೀರು. ಸಿಯಾಟಲ್‌ನ ನಾರ್ತ್‌ಗೇಟ್ ನೋಡು. 1950ರಲ್ಲಿ ತೆರೆದ ಮಾಲ್. ಅದರ ದಕ್ಷಿಣದ ಪಾರ್ಕಿಂಗ್ ಜಾಗದ ಕೆಳಗೆ ಥಾರ್ನ್‌ಟನ್ ಹಳ್ಳದ ನೀರು ಪೈಪಿನಲ್ಲಿ ಹರಿಯುತ್ತಿತ್ತು. ವರ್ಷಗಟ್ಟಲೆ ಜಗಳ ನಡೆದ ಮೇಲೆ, 2009ರಲ್ಲಿ ಅಲ್ಲಿ 2.7 ಎಕರೆಯ ಕಾಲುವೆ ಸಿದ್ಧವಾಯಿತು. ಸುಮಾರು 680 ಎಕರೆಯಿಂದ ಬರುವ ಮಳೆನೀರು ಗಿಡಗಳ ನಡುವೆ ನಿಧಾನವಾಗಿ ಇಳಿಯುತ್ತಾ ತಿಳಿಯಾಗುತ್ತದೆ. ಕಾಲುವೆಯ ಎರಡೂ ಬದಿ ಮನೆಗಳು, ನಡುವೆ ಕಾಲುಸೇತುವೆ. ಕಾರು ನಿಲ್ಲುತ್ತಿದ್ದ ಕಡೆ ಈಗ ಜನ ಕಿಟಕಿ ತೆಗೆದು ಹಳ್ಳ ನೋಡುತ್ತಾರೆ. ನಿನ್ನ ಜಾಗದಲ್ಲಿ ಇಷ್ಟು ದೊಡ್ಡ ಕೆಲಸ ಬೇಕಾಗದಿರಬಹುದು. ಆದರೂ ಹಳೇ ಮುಖ್ಯ ಪೈಪು ಎಲ್ಲಿದೆಯೋ ಅದರ ಮೇಲೇ ಹೊಸ ರಸ್ತೆ ಬರಲಿ. ಪೈಪಿನ ಮೇಲೆ ಕಟ್ಟಡ ಕೂರಿಸಿದರೆ, ಮುಂದೆ ರಿಪೇರಿಗೆ ಅಗೆಯಲು ಜಾಗವಿರುವುದಿಲ್ಲ.

ಮೂರನೆಯದು ನಡಿಗೆ. ನಾರ್ತ್‌ಗೇಟ್‌ಗೆ ಲೈಟ್ ರೈಲು (ಊರೊಳಗೆ ಓಡುವ ಹಗುರ ರೈಲು) ಬಂದದ್ದು 2021ರ ಅಕ್ಟೋಬರ್ 2ರಂದು. ಅದೇ ದಿನ ಹೆದ್ದಾರಿಯ ಮೇಲೆ ಸುಮಾರು 1,900 ಅಡಿ ಉದ್ದದ ಕಾಲುಸೇತುವೆಯೂ ತೆರೆಯಿತು. ಹೆದ್ದಾರಿಯಾಚೆಯ ಕಾಲೇಜಿನ ಹುಡುಗರು ಸುತ್ತಿಬಳಸದೆ ನಿಲ್ದಾಣಕ್ಕೆ ಬರುತ್ತಾರೆ. ನಮ್ಮ ಬೆಂಗಳೂರಿನ ಸಂಪಿಗೆ ರಸ್ತೆಯಲ್ಲಿ ಮೆಟ್ರೋದಿಂದ ನೇರ ಮಾಲ್ ಒಳಗೆ ಹೋಗಬಹುದು, ಅನುಕೂಲವೇ. ಆದರೆ ಯಾವುದೇ ಮಾಲ್ ಒಳಗಿನ ದಾರಿ ಶಟರ್ ಎಳೆಯುವ ತನಕ ಮಾತ್ರ. ನಿನಗೆ ಬೇಕಾದದ್ದು ರಾತ್ರಿ ಹನ್ನೊಂದಕ್ಕೂ ತೆರೆದಿರುವ ಬೀದಿ. ನಿಲ್ದಾಣದ ಬಾಗಿಲಿಂದ 400 ಮೀಟರಿನೊಳಗೆ ಮನೆಗಳು ದಟ್ಟವಾಗಿರಲಿ, ಒಂದೊಂದು ಬ್ಲಾಕ್, ಅಂದರೆ ಬೀದಿಯಿಂದ ಬೀದಿಗೆ, 60ರಿಂದ 100 ಮೀಟರ್ ಸಾಕು.

ಇನ್ನು ಹಳೇ ಕಟ್ಟಡ. ಕೊಲರಾಡೊದ ಎಂಗಲ್‌ವುಡ್‌ನಲ್ಲಿ 1968ರ ಸಿಂಡರೆಲ್ಲಾ ಸಿಟಿ ಮಾಲ್ ಕೆಡವಿದಾಗ ಒಂದು ಡಿಪಾರ್ಟ್‌ಮೆಂಟ್ ಅಂಗಡಿಯನ್ನು ಉಳಿಸಿ ನಗರಸಭೆ, ಗ್ರಂಥಾಲಯ ಮಾಡಿದರು. ಜಾಣತನ. ಅಂಥ ಪೆಟ್ಟಿಗೆ ಕಟ್ಟಡದ ನಡುಭಾಗಕ್ಕೆ ಬೆಳಕು ಬರುವುದಿಲ್ಲ, ಮನೆಗೆ ಒಗ್ಗದು. ಮಧ್ಯೆ ಕಾರಿಡಾರ್, ಎರಡು ಕಡೆ ಮನೆ ಅಂದರೂ ಕಟ್ಟಡದ ಅಗಲ 18ರಿಂದ 20 ಮೀಟರ್ ದಾಟಬಾರದು. ಆದರೆ ಅದೇ ಎಂಗಲ್‌ವುಡ್‌ನಲ್ಲಿ ದೊಡ್ಡ ವಾಲ್‌ಮಾರ್ಟ್, ಅದರ ಮುಂದೆ ಮತ್ತೆ ಕಾರು ನಿಲ್ಲುವ ಬಯಲು ಬಂತು. 2000ದಲ್ಲಿ ರೈಲು ಶುರುವಾದರೂ ಆ ಭಾಗದ ನಡಿಗೆ ಕಾರುಗಳ ಮಧ್ಯೆಯೇ.

ಒಂದು ಮಾತು ಮರೆತಿದ್ದೆ. ಎಲ್ಲಾ ಕಟ್ಟಡದ ನೆಲಮಹಡಿಗೂ ಅಂಗಡಿ ಬರೆದಿದ್ದೀಯ. ಅಷ್ಟು ಅಂಗಡಿಗೆ ಗಿರಾಕಿ ಎಲ್ಲಿಂದ ತರುತ್ತೀಯ ಮಾರಾಯ? ಮಾಲ್ ಮುಚ್ಚಿದ್ದೇ ಆ ಕಾರಣಕ್ಕೆ. ನಿಲ್ದಾಣದಿಂದ ಹೊರಡುವ ಒಂದು ಬೀದಿಗೆ ಮಾತ್ರ ಅಂಗಡಿ ಇಡು. ಉಳಿದ ಕಡೆ ಮೆಟ್ಟಿಲು, ಜಗಲಿ ಇರುವ ಮನೆಗಳಿರಲಿ. ಉಳಿಸಿಕೊಂಡ ಅಂಗಡಿಗಳಿದ್ದರೆ ಬಹುಮಹಡಿ ಪಾರ್ಕಿಂಗ್ ಮೊದಲ ಹಂತದಲ್ಲೇ ಏಳಬೇಕು, ಇಲ್ಲದಿದ್ದರೆ ಕೆಲಸ ನಡೆಯುವಾಗಲೇ ಅವು ಬಾಗಿಲು ಹಾಕುತ್ತವೆ.

ಮುಂದಿನ ಸಲ ಗೋಪುರದ ಬಣ್ಣದ ಚಿತ್ರ ಬೇಡ, ಚರಂಡಿಯ ನಕ್ಷೆ ಕಳಿಸು.

ನಿನ್ನ,
ಹಳೇ ಗೆಳೆಯ