ದೋಣಿಗೂ ಒಂದು ತೊಗಲಿದೆ, ದೋಸ್ತಾ

ಮುನಿರಾಬಾದ್
ಮೇ ತಿಂಗಳ ಒಂದು ಸಂಜೆ

ದೋಸ್ತಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. "ಬೋಟು ತೊಳೆಯೋದು ಕಲಿಯೋಕೆ ಗೋವಾದಲ್ಲಿ ಹತ್ತು ತಿಂಗಳು ಇರಬೇಕಾ? ನಾನು ದಿನಾ ಲಾರಿ ತೊಳಿತೀನಲ್ಲ" ಅಂದೆ. ನಿನ್ನ ಪಂಪಿನ ಸದ್ದಿನಲ್ಲಿ ನಾನು ಹೇಳಿದ್ದು ನಿನಗೆ ಕೇಳಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ನಮ್ಮ ಕಡೆಯ ಇನ್ನೊಬ್ಬ ಹುಡುಗನಿಗೆ ಉಪಯೋಗ ಆದರೆ ಆಗಲಿ.

ಮೊದಲು ಒಂದು ಮಾತು. ಗಂಗಾವತಿಯ ನಿನ್ನ ಸರ್ವಿಸಿಂಗ್ ಸೆಂಟರ್‌ನಲ್ಲಿ ಎರಡು ವರ್ಷ ನಿಂತಿದ್ದಕ್ಕೇ ಗೋವಾದಲ್ಲಿ ನನ್ನನ್ನು ಕೆಲಸಕ್ಕೆ ತಗೊಂಡರು. ನೀರು ಹೊಡೆಯುವ ಗನ್ ಹಿಡಿಯೋದು, ಮೇಲಿನಿಂದ ಕೆಳಕ್ಕೆ ತೊಳೆದು ಬರೋದು, ಒರೆಸುವ ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ಮುಟ್ಟದಿರೋದು, ಇದೆಲ್ಲ ನೀನು ಕಲಿಸಿದ್ದು. ಆದರೆ ಕೊಪ್ಪಳದಲ್ಲಿ ವಾಸ್ಕೋ ರೈಲು ಹತ್ತುವಾಗ ಕೆಲಸ ಪೂರ್ತಿ ಗೊತ್ತು ಅಂದುಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ನನಗೆ ಗೊತ್ತಿದ್ದದ್ದು ಕೊಳೆ ತೆಗೆಯೋದು ಮಾತ್ರ. ಕೊಳೆಯ ಕೆಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ನಿನ್ನ ಹತ್ತಿರ ಬರುವ ಭತ್ತದ ಲಾರಿಯ ಮೈ ತಗಡು. ಅದರ ಮೇಲೆ ಪೇಂಟು. ಫೈಬರ್ ಬೋಟಿನ ಮೈ ಗಾಜಿನ ನಾರು ಮತ್ತು ರಾಳ ಸೇರಿಸಿ ಅಚ್ಚಿನಲ್ಲಿ ಪದರ ಪದರವಾಗಿ ಹಚ್ಚಿ ಮಾಡಿದ್ದು. ಅದರ ಹೊರಗಿನ ಪದರಕ್ಕೆ ಜೆಲ್ ಕೋಟ್ ಅಂತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕಾರಿನ ಪೇಂಟಿನ ಮೇಲೆ ಇರುವ ಬಣ್ಣವಿಲ್ಲದ ಕ್ಲಿಯರ್ ಕೋಟಿಗಿಂತ ದಪ್ಪವೇ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ, ಕೊಳೆ ಅಲ್ಲೇ ಹೋಗಿ ಕೂರುತ್ತೆ. ಬಿಸಿಲು ತಿಂದು ತಿಂದು ಅದು ಹೊಳಪು ಕಳೆದುಕೊಳ್ಳುತ್ತೆ. ಹಳೆಯ ಬೋಟಿನ ಮೇಲೆ ಒಣ ಕೈ ಸವರಿ ನೋಡು, ಸುಣ್ಣದ ಗೋಡೆ ಮುಟ್ಟಿದ ಹಾಗೆ ಬಿಳಿ ಪುಡಿ ಅಂಟುತ್ತೆ. ಅದು ಧೂಳಲ್ಲ, ಬೋಟಿನ ಮೈಯೇ ಪುಡಿಯಾಗಿ ಬರುತ್ತಿರೋದು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗಲ್ಲ, ಮರುದಿನ ಮತ್ತೆ ಬರುತ್ತೆ.

ನಮ್ಮ ದೊಡ್ಡಪ್ಪನ ಹರಿಗೋಲು ನೆನಪಿದೆಯಾ? ಆನೆಗೊಂದಿ ದಂಡೆಯಲ್ಲಿ ಬೋರಲು ಹಾಕಿ ಇಡುತ್ತಿದ್ದನಲ್ಲ, ನಾವು ಅದರ ನೆರಳಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆವು. ಒಳಗೆ ಬಿದಿರಿನ ದಬ್ಬೆ, ಹೊರಗೆ ಪ್ಲಾಸ್ಟಿಕ್ ತಾಡಪಾಲು, ಅದರ ಮೇಲೆ ಡಾಂಬರು. ಅವನ ಅಪ್ಪನ ಕಾಲದಲ್ಲಿ ಹೊರಗೆ ತೊಗಲು ಹಾಕುತ್ತಿದ್ದರಂತೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು ಅಂತ. ನಾನು ಗೋವಾದಿಂದ ಬಂದು ಜೆಲ್ ಕೋಟ್ ಅಂದರೇನು ಅಂತ ದೊಡ್ಡಪ್ಪನಿಗೆ ವಿವರಿಸುತ್ತಿದ್ದಾಗ ಅವನು ನಡುವೆ ತಡೆದು, "ತೊಗಲು ಅನ್ನು, ತಿಳೀತು" ಅಂದ. ಅಷ್ಟೇ. ಅಂದಿನಿಂದ ನಾನೂ ಹಾಗೇ ಅನ್ನುತ್ತೇನೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ, ಯಾಕೆಂದರೆ ನೀನೂ ಅದನ್ನೇ ಮಾಡುತ್ತೀಯ ಅಂತ ನನಗೆ ಭಯ. ಗೋವಾದ ಮಾಂಡೋವಿ ನದಿಯ ದಂಡೆಯಲ್ಲಿ ಬೋಟು ರಿಪೇರಿ ಮಾಡುವ ಒಂದು ಯಾರ್ಡಿನಲ್ಲಿ ಕೆಲಸ. ಎರಡನೇ ತಿಂಗಳು. ನನ್ನ ಕೈಗೆ ಉಜ್ಜಿ ಹೊಳಪು ತರುವ ಬಫಿಂಗ್ ಮಷೀನು ಕೊಟ್ಟರು, ಉಣ್ಣೆಯ ಪ್ಯಾಡ್ ಹಾಕಿದ್ದು, ಗರಗರ ಒಂದೇ ಕಡೆ ತಿರುಗುವಂಥದ್ದು. ಬೋಟಿನ ಮುಂದಿನ ಮೂಲೆಯಲ್ಲಿ ಕಾಂಪೌಂಡ್, ಅಂದರೆ ಮೈಯನ್ನು ಸ್ವಲ್ಪ ಸವೆಸಿ ಹೊಳಪು ತರುವ ಪೇಸ್ಟು, ಹಾಕಿ ಉಜ್ಜುತ್ತಿದ್ದೆ. ಹೊಳಪು ಬರುತ್ತಿತ್ತು, ಖುಷಿಯಾಯಿತು, ಇನ್ನೂ ಸ್ವಲ್ಪ ಬರಲಿ ಅಂತ ಒತ್ತಿ ಹಿಡಿದೆ. ಮೂಲೆಯಲ್ಲಿ, ಅಂಚಿನಲ್ಲಿ ಪದರ ತೆಳ್ಳಗಿರುತ್ತೆ, ಪ್ಯಾಡಿನ ಭಾರವೆಲ್ಲ ಅಲ್ಲೇ ಬೀಳುತ್ತೆ. ಒಂದು ವಾಸನೆ ಬಂತು. ಮಷೀನು ಎತ್ತಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿಳಿ ಹೋಗಿ ಒಳಗಿನ ನಾರಿನ ಎಳೆ ಕಾಣುತ್ತಿತ್ತು. ನನ್ನ ಕೈಕಾಲು ತಣ್ಣಗಾದವು.

ಮೇಸ್ತ್ರಿ ಬೈಯಲಿಲ್ಲ. ಮಷೀನು ಪಕ್ಕಕ್ಕಿಟ್ಟು, "ಬಾ, ಇದನ್ನು ನೀನೇ ತುಂಬು" ಅಂದರು. ಜೆಲ್ ಕೋಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ನೂರಕ್ಕೆ ಎರಡರಷ್ಟು ಬೆರೆಸಿ ಹಚ್ಚಬೇಕು. ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗಾಳಿ ತಾಗದಂತೆ ಮುಚ್ಚಬೇಕು, ಗಾಳಿ ತಾಗಿದರೆ ಮೇಲ್ಭಾಗ ಒಣಗದೆ ಅಂಟಂಟು ಉಳಿಯುತ್ತೆ. ಗಟ್ಟಿಯಾದ ಮೇಲೆ ವಾಟರ್ ಪೇಪರ್‌ನಲ್ಲಿ, ಅಂದರೆ ಒದ್ದೆಯಾಗಿ ಉಜ್ಜುವ ಉಸುಕಿನ ಕಾಗದದಲ್ಲಿ, ನೀರು ಹಾಕುತ್ತಾ 400, 600, 1000, 1500 ಅಂತ ಒರಟು ನಂಬರಿನಿಂದ ನಯದ ನಂಬರಿಗೆ ನುಣುಪು ಮಾಡುತ್ತಾ ಹೋಗಬೇಕು. ಬಣ್ಣ ಹೊಂದಿಸೋದು ಇನ್ನೂ ಕಷ್ಟ, ಬಿಳಿಯಲ್ಲೂ ಎಷ್ಟು ಬಿಳಿ ಇದೆ ಗೊತ್ತಾ? ಅರ್ಧ ನಿಮಿಷದಲ್ಲಿ ಕಿತ್ತದ್ದನ್ನು ಕೂಡಿಸೋಕೆ ಎರಡು ದಿನ ಹಿಡಿಯಿತು. ಆ ಎರಡು ದಿನದ ಕೂಲಿ ಹೋಯಿತು, ಅದರ ಬಗ್ಗೆ ನನಗೆ ಬೇಸರ ಇಲ್ಲ. ಬೇರೆಯವರ ದೋಣಿಯ ಮೈಯನ್ನು ನನ್ನ ಖುಷಿಗಾಗಿ ಸವೆಸಿದೆನಲ್ಲ ಅನ್ನೋದು ಈಗಲೂ ಮನಸ್ಸಿನಲ್ಲಿದೆ.

ಆಮೇಲೆ ಮೇಸ್ತ್ರಿ ಹೇಳಿಕೊಟ್ಟದ್ದು ಬಹಳ ಸರಳ. ಅತಿ ಮೆತ್ತಗಿನದರಿಂದ ಶುರು ಮಾಡು. ನೀರಿನಿಂದ ಹೋಗುತ್ತಾ ನೋಡು. ಹೋಗದಿದ್ದರೆ ಸೋಪು, ಆಮೇಲೆ ಪಾಲಿಶ್, ಅದೂ ಆಗದಿದ್ದರೆ ಕಾಂಪೌಂಡ್, ವಾಟರ್ ಪೇಪರ್ ಎಲ್ಲಕ್ಕಿಂತ ಕೊನೆಗೆ. ಯಾವುದೇ ಆಗಲಿ, ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಹಚ್ಚಿ ನೋಡು. ಅಂಚಿಗೆ ಟೇಪು ಅಂಟಿಸು. ಒಂದು ಸಲಕ್ಕೆ ಎರಡು ಅಡಿ ಉದ್ದ ಎರಡು ಅಡಿ ಅಗಲ, ಅದಕ್ಕಿಂತ ಜಾಸ್ತಿ ಬೇಡ. ಮಷೀನು ಒಂದೇ ಕಡೆ ನಿಲ್ಲಬಾರದು. ಕೈಯಿಂದ ಮುಟ್ಟಿ ನೋಡುತ್ತಿರು, ಬಿಸಿ ಅನ್ನಿಸಿದರೆ ಬಿಡು.

ತೊಳೆಯೋದರ ವಿಷಯಕ್ಕೆ ಬರುತ್ತೇನೆ. ಗೋವಾದಲ್ಲಿ ಶತ್ರು ಉಪ್ಪು. ಸಮುದ್ರದಿಂದ ಬಂದ ಬೋಟಿಗೆ ಅವತ್ತೇ ಸಿಹಿ ನೀರು ಹಾಯಿಸಬೇಕು. ಒಣಗಿದ ಉಪ್ಪು ಹರಳಾಗುತ್ತೆ, ಅದರ ಮೇಲೆ ಬಟ್ಟೆ ಎಳೆದರೆ ಗೀರು ಬೀಳುತ್ತೆ. ಅದು ಗಾಳಿಯ ತೇವವನ್ನೂ ಎಳೆದುಕೊಂಡು ಸ್ಟೀಲ್ ರೇಲಿಂಗಿಗೂ ಕಂದು ಕಲೆ ತರುತ್ತೆ. ಇಲ್ಲಿ ಉಪ್ಪಿಲ್ಲ, ಹೂಳಿದೆ. ನಮ್ಮ ತುಂಗಭದ್ರೆಯ ಹೂಳು ಎಷ್ಟು ಅಂತ ನಿನಗೆ ಹೇಳಬೇಕಾ, ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಸುಮಾರು 105ಕ್ಕೆ ಇಳಿದಿರೋದು ಇದೇ ಮಣ್ಣಿನಿಂದ. ಹಿನ್ನೀರು ಇಳಿದಾಗ ದಂಡೆಯಲ್ಲಿ ಕೂತ ಬೋಟಿಗೆ ಅದು ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತೆ. ಒಣಗಿದ ಮೇಲೆ ಒರೆಸಿದರೆ ನೀನೇ ಉಸುಕಿನ ಕಾಗದ ಹಾಕಿ ತಿಕ್ಕಿದ ಹಾಗೆ. ಅದಕ್ಕೆ ಮೊದಲು ಬರೀ ನೀರು, ಧಾರಾಳವಾಗಿ, ಗನ್ ಬಹಳ ಹತ್ತಿರ ಹಿಡಿಯದೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಬಟ್ಟೆ ಸೋಪಿನ ಪುಡಿ ಮಾತ್ರ ಬೇಡಪ್ಪ, ಅದು ಹಿಂದೆ ಹಚ್ಚಿದ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತೆ.

ನೀರು ನಿಲ್ಲುವ ಗೆರೆಯಲ್ಲಿ ಹಳದಿ, ಕಂದು ಪಟ್ಟಿ ಬಿದ್ದಿರುತ್ತೆ. ಅದನ್ನು ತಿಕ್ಕಬಾರದು. ಅವ್ವ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಸ್ವಲ್ಪ ಹೊತ್ತು ಬಿಡುತ್ತಾಳಲ್ಲ, ಇದೂ ಹಾಗೇ, ಹುಳಿಯ ಕೆಲಸ. ಬೋಟಿಗೆ ಆಕ್ಸಾಲಿಕ್ ಆಸಿಡ್ ಹಚ್ಚುತ್ತಾರೆ, ಕೆಲವು ನಿಮಿಷ ಬಿಟ್ಟು ತೊಳೆದರೆ ಪಟ್ಟಿ ತಾನೇ ಹೋಗುತ್ತೆ. ಆದರೆ ಇದು ವಿಷ. ಗ್ಲೌಸು, ಕನ್ನಡಕ ಇಲ್ಲದೆ ಡಬ್ಬಿ ತೆರೆಯಬೇಡ. ಟ್ರೇಲರಿನ ಸತುವಿನ ಲೇಪಕ್ಕೆ ತಾಗಬಾರದು. ಬ್ಲೀಚಿಂಗ್ ಜೊತೆ ಯಾವ ಆಸಿಡ್ಡನ್ನೂ ಯಾವತ್ತೂ ಸೇರಿಸಬೇಡ, ಅದರಿಂದ ಬರುವ ಗಾಳಿ ಎದೆ ಸುಡುತ್ತೆ, ಪ್ರಾಣಕ್ಕೇ ಅಪಾಯ.

ವ್ಯಾಕ್ಸ್ ಹಚ್ಚೋದು ಮೈಗೆ ಎಣ್ಣೆ ಹಚ್ಚಿದ ಹಾಗೆ, ಬಿಸಿಲಿಗೆ ಅದು ಮೊದಲು ಸವೆಯಲಿ ಅಂತ. ನಮ್ಮ ಬಿಸಿಲಿನಲ್ಲಿ ಕೆಲವೇ ತಿಂಗಳು ತಡೆಯುತ್ತೆ. ಕಾಲಿಡುವ ಡೆಕ್ಕಿಗೆ ಮಾತ್ರ ಹಚ್ಚಲೇಬಾರದು, ಒದ್ದೆ ಕಾಲಿನ ಮನುಷ್ಯ ಜಾರಿ ಬೀಳುತ್ತಾನೆ. ರೆಕ್ಸಿನ್ ಸೀಟಿಗೆ ಬ್ಲೀಚಿಂಗ್ ಹಾಕಿದರೆ ಹೊಲಿಗೆಯ ದಾರ ಕೊಳೆಯುತ್ತೆ. ಪ್ಲಾಸ್ಟಿಕ್ ಕಿಟಕಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹೊಡೆದರೆ ಮಬ್ಬಾಗುತ್ತೆ. ಸಾಗವಾನಿ ಹಲಗೆಯನ್ನು ಎಳೆಗೆ ಅಡ್ಡಲಾಗಿ, ಮೆತ್ತಗಿನ ಬ್ರಶ್ಶಿನಿಂದ ತೊಳೆಯಬೇಕು, ಎಳೆಯ ಉದ್ದಕ್ಕೆ ತಿಕ್ಕಿದರೆ ಮೆತ್ತಗಿನ ಭಾಗ ಎದ್ದು ಬಂದು ಗಾಲಿ ಹೋದ ಹಾದಿಯ ಹಾಗೆ ಆಗುತ್ತೆ. ಉಳಿದದ್ದು ಬಂದಾಗ ಕೈಯಲ್ಲೇ ತೋರಿಸುತ್ತೇನೆ.

ಒಂದು ವಿಷಯದಲ್ಲಿ ನಾನು ಬಿಟ್ಟುಕೊಡಲ್ಲ. ನೀರಿನ ದಂಡೆಯಲ್ಲಿ ನಿಂತು ಸೋಪು ಹಾಕೋದು ಬೇಡ. ಗೋವಾದಲ್ಲಿ ಹಡಗಿನ ತಳಕ್ಕೆ ಚಿಪ್ಪಿನ ಹುಳ ಹಿಡಿಯದಿರಲಿ ಅಂತ ತಾಮ್ರದ ಪೇಂಟು ಹಚ್ಚುತ್ತಾರೆ. ಅದನ್ನು ಒಣದಾಗಿ ಉಜ್ಜಿದರೆ ವಿಷದ ಧೂಳು ಅಂತ ಯಾವಾಗಲೂ ಒದ್ದೆ ಮಾಡಿ, ಮಾಸ್ಕ್ ಹಾಕಿ, ಬಿದ್ದದ್ದನ್ನೆಲ್ಲ ಕೆಳಗೆ ಹಾಸಿದ ತಾಡಪಾಲಿನಲ್ಲಿ ಹಿಡಿಯುತ್ತಿದ್ದೆವು. ಇಲ್ಲಿ ಆ ಪೇಂಟು ಇಲ್ಲ, ಆ ಹುಳವೂ ಇಲ್ಲ, ಅದು ಉಪ್ಪು ನೀರಿನದು. ಆದರೆ ಸೋಪು ಮೀನಿನ ಕಿವಿರು ಹಾಳು ಮಾಡುತ್ತೆ, ಡಬ್ಬಿಯ ಮೇಲೆ ಏನೇ ಬರೆದಿದ್ದರೂ. ಈ ನೀರನ್ನು ನಮ್ಮೂರೇ ಕುಡಿಯುತ್ತೆ, ಬಳ್ಳಾರಿ, ರಾಯಚೂರು ಕಡೆಯೂ ಕುಡಿಯುತ್ತಾರೆ. ನಿನ್ನ ಹೊಲಕ್ಕೆ ಬರೋದೂ ಎಡದಂಡೆ ಕಾಲುವೆಯ ನೀರೇ ಅಲ್ವಾ? ಬೋಟನ್ನು ಟ್ರೇಲರ್ ಮೇಲೆ ಎಳೆದು ದಂಡೆಯಿಂದ ದೂರ ತಂದು ತೊಳೆಯೋಣ. ಇಂಜಿನ್ ಕೆಳಗೆ ನಿಂತ ಎಣ್ಣೆ ನೀರನ್ನು ಎಣ್ಣೆ ಹೀರುವ ಪ್ಯಾಡಿನಿಂದ ತೆಗೆದು ಡಬ್ಬಕ್ಕೆ ಹಾಕೋಣ. ಕೆಲಸ ಒಂದು ಗಂಟೆ ಜಾಸ್ತಿ ಆಗುತ್ತೆ. ಆಗಲಿ.

"ಇಲ್ಲಿ ಬೋಟು ಎಷ್ಟಿವೆ, ಹೊಟ್ಟೆ ತುಂಬುತ್ತಾ" ಅಂತ ಕೇಳಿದೆ. ಫೈಬರ್ ಬೋಟು ಕಡಿಮೆ, ಒಪ್ಪುತ್ತೇನೆ, ನಮ್ಮ ಕಡೆ ತೆಪ್ಪವೇ ಜಾಸ್ತಿ. ಇದೊಂದನ್ನೇ ನಂಬಿ ನಿನ್ನ ಅಂಗಡಿ ಮುಚ್ಚು ಅಂತ ನಾನು ಹೇಳುತ್ತಿಲ್ಲ. ಆದರೆ ಇರುವ ಬೋಟುಗಳು ಬಿಸಿಲಿಗೆ ಸುಣ್ಣವಾಗುತ್ತಾ ನಿಂತಿವೆ, ಅವುಗಳನ್ನು ನೋಡುವವರಿಲ್ಲ. ನೆರೆ ಬಂದಾಗ ಜನರನ್ನು ದಾಟಿಸುವ ರಬ್ಬರ್ ಬೋಟುಗಳೂ ಇವೆ. ಕೃಷ್ಣೆಗೆ ನೀರು ಬಿಟ್ಟಾಗ ಲಿಂಗಸುಗೂರು ಕಡೆಯ ನಡುಗಡ್ಡೆಯ ಜನ ಅದರಲ್ಲೇ ಕೂತು ಬರಬೇಕು. ಅಂಥ ಬೋಟಿನಲ್ಲಿ ಗಾಳಿ ತುಂಬುವ ಕೊಳವೆಗೂ ತಳಕ್ಕೂ ನಡುವೆ ಉಸುಕು ಸಿಕ್ಕಿಕೊಂಡರೆ ಒಳಗಿಂದೊಳಗೇ ಸವೆಯುತ್ತೆ. ಪೆಟ್ರೋಲ್ ಹಾಕಿ ಒರೆಸಿದರೆ ಅಂಟು ಬಿಡುತ್ತೆ. ಒದ್ದೆಯಾಗಿ ಮಡಚಿಟ್ಟರೆ ಬೂಸ್ಟು. ಬೇಕಾದ ದಿನ ಬಿಚ್ಚಿದಾಗ ಗಾಳಿ ನಿಲ್ಲದಿದ್ದರೆ ಏನು ಗತಿ? ಈ ಕೆಲಸ ಕಲಿತವನು ಜಿಲ್ಲೆಗೊಬ್ಬನಾದರೂ ಇರಬೇಕು ಅಂತ ನನಗೆ ಬಹಳ ಅನ್ನಿಸುತ್ತೆ.

ಈಗ ಒಂದು ಕೆಲಸ ಸಿಕ್ಕಿದೆ. ಹಿನ್ನೀರಿನ ಹತ್ತಿರ ಪ್ರವಾಸಿಗರನ್ನು ಸುತ್ತಾಡಿಸುವ ಒಬ್ಬ ಅಣ್ಣನ ಬೋಟು, ಹದಿನೆಂಟು ಅಡಿ. ಗೋವಾದಲ್ಲಿ ಅಡಿ ಲೆಕ್ಕದಲ್ಲೇ ದುಡ್ಡು ಮಾತಾಡುತ್ತಾರೆ, ಇಲ್ಲೂ ಹಾಗೇ ಮಾತಾಡಿದ್ದೇನೆ. ಮೈ ಪೂರ್ತಿ ಸುಣ್ಣ ಬಿಟ್ಟಿದೆ, ಮೂರು ದಿನ ಹಿಡಿಯುತ್ತೆ, ಒಬ್ಬನಿಂದ ಆಗಲ್ಲ. ಡ್ಯಾಮಿಗೆ ನೀರು ಬರೋದರೊಳಗೆ ಮುಗಿಸಬೇಕು. ಇಲ್ಲಿ ನಲವತ್ತು ಡಿಗ್ರಿ ದಾಟಿದೆ, ಮೈ ಕಾದ ಬೋಟಿನ ಮೇಲೆ ಕಾಂಪೌಂಡ್ ಹಚ್ಚಿದರೆ ಅಲ್ಲೇ ಒಣಗಿ ಹೋಗುತ್ತೆ, ಆದ್ದರಿಂದ ಬೆಳಗಿನ ಐದಕ್ಕೆ ಶುರು, ಹತ್ತಕ್ಕೆ ನಿಲ್ಲಿಸೋದು, ಮತ್ತೆ ಸಂಜೆ. ನಡುವೆ ಅವ್ವನ ರೊಟ್ಟಿ, ನಿದ್ದೆ.

ಶನಿವಾರ ರಾತ್ರಿಯೇ ಬಂದುಬಿಡು. ಚಿಕ್ಕ ಪಂಪು, ಉದ್ದನೆಯ ಪೈಪು, ನಾಲ್ಕು ಬಕೆಟ್ ತಾ. ಮೈಕ್ರೋಫೈಬರ್ ಬಟ್ಟೆ ನನ್ನ ಹತ್ತಿರ ಇದೆ. ಲಾರಿಗೆ ಹೊಡೆಯುವ ಡೀಸೆಲ್ ಸ್ಪ್ರೇ ಅಲ್ಲೇ ಬಿಟ್ಟು ಬಾ. ಮೊದಲ ದಿನ ನಿನ್ನ ಕೈಗೆ ಮಷೀನು ಕೊಡಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೀ ಅಂಗೈ ಇಟ್ಟು ಬೋಟಿನ ಮೈ ಪೂರ್ತಿ ಒಂದು ಸುತ್ತು ಸವರಿಕೊಂಡು ಬಾ, ಎಲ್ಲಿ ಸುಣ್ಣ, ಎಲ್ಲಿ ಗೀರು, ಎಲ್ಲಿ ತೆಳ್ಳಗಿದೆ ಅಂತ ನನಗೆ ಹೇಳು.

ನಿನ್ನ ದಾರಿ ಕಾಯುತ್ತಿರುವ
ಗೆಳೆಯ